ಹನ್ನೆರಡು ಪೌಂಡಿನ ನಾಟಕದ ಪುಸ್ತಕ, ಮತ್ತು ಅದು ಸಿಕ್ಕಿದ ಓಣಿ

ಆನ್‌ಲೈನಿನಲ್ಲಿ ತರಿಸಿದ ಹಳೇ ಪುಸ್ತಕದ ಬಗ್ಗೆ ಮಾರುವವರು ‘ಹೊಸದರ ಹಾಗಿದೆ’ ಎಂದು ಬರೆದಿದ್ದರು. ಕಟ್ಟು ಬಿಚ್ಚಿ ನೋಡಿದರೆ ಬೆನ್ನಿನ ಮೇಲೆ ಗ್ರಂಥಾಲಯದ ಚೀಟಿ, ಶೀರ್ಷಿಕೆ ಪುಟದ ಹಿಂದೆ ‘ವಿಲೇವಾರಿ’ ಎಂಬ ಮೊಹರು. ಮುಂದಿನ ರಟ್ಟು ಒಳಗಡೆ ಮಡಿಕೆಯ ಹತ್ತಿರ ಬಾಯಿ ಬಿಟ್ಟಿತ್ತು. ಮಾರಿದವರಿಗೆ ಫೋಟೋ ಸಮೇತ ಬರೆದೆ. ವಾರದ ಮೇಲೆ ಉತ್ತರ ಬಂತು, ‘ಓದಲು ತೊಂದರೆ ಇಲ್ಲವಲ್ಲ’ ಅಂತ. ಮೂವತ್ತೊಂದು ವರ್ಷ ಮಂಗಳೂರಿನಲ್ಲಿ ಬೈಂಡಿಂಗ್ ಮಾಡಿದವಳು ನಾನು. ಆ ಮಾತು ಓದಿದಾಗ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ರಟ್ಟು ಬಿಟ್ಟ ಪುಸ್ತಕ ಮೊದಲ ನಾಲ್ಕು ಸಲ ಓದಲು ಸಿಗುತ್ತದೆ, ಐದನೇ ಸಲಕ್ಕೆ ಫಾರಂ, ಅಂದರೆ ಒಟ್ಟಿಗೆ ಮಡಚಿ ಹೊಲಿದ ಹಾಳೆಗಳ ಕಟ್ಟು, ಕಳಚಿ ಕೈಗೆ ಬರುತ್ತದೆ.

ಇದರಲ್ಲಿ ಇನ್ನೂ ನೋವಿನ ಮಾತೆಂದರೆ, ನಾನು ತರಿಸಿದ್ದ ಪುಸ್ತಕವೇ ಪುಸ್ತಕಗಳನ್ನು ಇದ್ದದ್ದು ಇದ್ದ ಹಾಗೆ ವರ್ಣಿಸುವ ಪುಸ್ತಕ. ಹೆಸರು ‘ಒಬೆಲಿಸ್ಕ್’, ಅದೇ ಹೆಸರಿನ ಹಳೆಯ ಪ್ರಕಾಶನವೊಂದರ ಚರಿತ್ರೆ, 2007ರಲ್ಲಿ ಲಿವರ್‌ಪೂಲ್ ಯೂನಿವರ್ಸಿಟಿ ಪ್ರೆಸ್ ಹೊರತಂದದ್ದು. ಬರೆದವರು ನೀಲ್ ಪಿಯರ್ಸನ್.

ಆ ಹೆಸರು ನನಗೆ ಗೊತ್ತಾದದ್ದು ಮಗಳಿಂದ. ಅವಳು ಇಲ್ಲಿ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಕೆಲಸದಲ್ಲಿದ್ದಾಳೆ. ಚಳಿಗಾಲದಲ್ಲಿ ಒಂದು ಸಂಜೆ 2001ರ ಬ್ರಿಜೆಟ್ ಜೋನ್ಸ್ ಸಿನಿಮಾ ಹಾಕಿಕೊಂಡು ಕೂತಿದ್ದಳು. ಟೀವಿ ಕಚೇರಿಯಲ್ಲಿ ಗದ್ದಲ ಮಾಡುವ ಬಾಸ್, ರಿಚರ್ಡ್ ಫಿಂಚ್ ಎಂಬ ಪಾತ್ರ, ತೆರೆಯ ಮೇಲೆ ಬಂದ ಕೂಡಲೇ ಫೋನಿನಲ್ಲಿ ಏನೋ ನೋಡಿ, ‘ಅಮ್ಮ, ಇವರು ನಿಜದಲ್ಲಿ ಹಳೇ ಪುಸ್ತಕದ ವ್ಯಾಪಾರಿಯಂತೆ’ ಅಂದಳು. ನಾನು ಅಡುಗೆಮನೆಯಿಂದ ಕೈ ಒರೆಸಿಕೊಂಡೇ ಬಂದೆ. ಇಂಗ್ಲೆಂಡಿನವರಿಗೆ ಅವರು ಟೀವಿಯಿಂದಲೇ ಹೆಚ್ಚು ಪರಿಚಿತರು. 1990ರಿಂದ 98ರವರೆಗೆ ಚಾನೆಲ್ ಫೋರ್‌ನ ಒಂದು ಹಾಸ್ಯ ಸರಣಿಯಲ್ಲಿ ಸುದ್ದಿಮನೆಯ ಪತ್ರಕರ್ತ, ಅದರ ನಡುವೆಯೇ ಬಿಬಿಸಿಯ ಸರಣಿಯೊಂದರಲ್ಲಿ ಪೊಲೀಸರ ಮೇಲೆಯೇ ತನಿಖೆ ನಡೆಸುವ ಅಧಿಕಾರಿ. ನಟನೆ ಬಿಟ್ಟು ಪುಸ್ತಕಕ್ಕೆ ಬಂದರು ಎಂದರೆ ತಪ್ಪಾಗುತ್ತದೆ. ಎರಡೂ ಜೊತೆಗೇ ನಡೆದಿವೆ, 2025ರ ಬ್ರಿಜೆಟ್ ಜೋನ್ಸ್‌ನಲ್ಲೂ ಅದೇ ಬಾಸ್ ಮತ್ತೆ ಬರುತ್ತಾನೆ. ಅವರನ್ನು ನಾನು ಭೇಟಿಯಾಗಿಲ್ಲ. ಅವರ ಪುಸ್ತಕವನ್ನು ಮಾತ್ರ ಎರಡು ಸಲ ಓದಿದೆ, ಮೊದಲು ರಟ್ಟು ಕೂರಿಸಿಕೊಂಡು.

ಒಬೆಲಿಸ್ಕ್ ಪ್ರೆಸ್ ಎಂಬುದು ಜ್ಯಾಕ್ ಕಹಾನ್ ಎಂಬ ಮ್ಯಾಂಚೆಸ್ಟರ್ ಮನುಷ್ಯ 1929ರಲ್ಲಿ ಪ್ಯಾರಿಸಿನಲ್ಲಿ ಶುರುಮಾಡಿದ ಪ್ರಕಾಶನ. ಮೊದಲ ಮಹಾಯುದ್ಧದಲ್ಲಿ ಆರೋಗ್ಯ ಕಳೆದುಕೊಂಡು ಫ್ರಾನ್ಸಿನಲ್ಲೇ ನಿಂತವರು. ಇಂಗ್ಲೆಂಡಿನಲ್ಲಿ ಅಶ್ಲೀಲವೆಂದು ಮುಟ್ಟುಗೋಲು ಹಾಕುವ ಪುಸ್ತಕವನ್ನು ಫ್ರಾನ್ಸಿನಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿದರೆ ಅಲ್ಲಿಯ ಸರ್ಕಾರ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಪ್ರವಾಸಕ್ಕೆ ಬಂದವರು ಕೊಂಡು ಪೆಟ್ಟಿಗೆಯ ಅಡಿಯಲ್ಲಿ ಬಟ್ಟೆ ಮುಚ್ಚಿ ಊರಿಗೆ ಒಯ್ಯುತ್ತಿದ್ದರು. ಹೀಗೆ ನಡೆದ ವ್ಯಾಪಾರ. ಅಮೆರಿಕದ ಲೇಖಕ ಹೆನ್ರಿ ಮಿಲ್ಲರ್ ಅವರ ಮೊದಲು ಪ್ರಕಟವಾದ ಕಾದಂಬರಿಯನ್ನು 1934ರಲ್ಲಿ ಹೊರತಂದದ್ದು ಇವರೇ. ಅಮೆರಿಕದ ಸುಪ್ರೀಂ ಕೋರ್ಟು ಆ ಪುಸ್ತಕ ಅಶ್ಲೀಲವಲ್ಲ ಎಂದು ಹೇಳಲು 1964 ಬರಬೇಕಾಯಿತು. ಅದರ ಮುಖಪುಟದ ಏಡಿಯ ಚಿತ್ರ ಬಿಡಿಸಿದ್ದು ಕಹಾನರ ಮಗ ಮೋರಿಸ್, ಆಗ ಹುಡುಗನಿಗೆ ಹದಿನೈದು ವರ್ಷ. ಲಾರೆನ್ಸ್ ಡರೆಲ್, ಅನಾಯಿಸ್ ನಿನ್ ಇವರ ಪುಸ್ತಕಗಳೂ ಇಲ್ಲಿಂದ ಬಂದವು. 1932ರಲ್ಲಿ ಜೇಮ್ಸ್ ಜಾಯ್ಸ್ ಅವರ ಕವಿತೆಗಳನ್ನು ಬರೀ 25 ಪ್ರತಿ ಅಚ್ಚು ಮಾಡಿಸಿದರು, ಅದರ ಅಲಂಕಾರದ ಮೊದಲಕ್ಷರಗಳನ್ನು ರಚಿಸಿದವಳು ಜಾಯ್ಸ್ ಮಗಳು ಲೂಸಿಯಾ. 1939ರ ಸೆಪ್ಟೆಂಬರಿನಲ್ಲಿ, ಯುದ್ಧ ಶುರುವಾದ ದಿನಗಳಲ್ಲೇ, ಕಹಾನ್ ತೀರಿಕೊಂಡರು. ಜರ್ಮನ್ನರು ಪ್ಯಾರಿಸಿಗೆ ಬಂದಾಗ ಯಹೂದಿ ಮೂಲ ಮರೆಸಲು ಮಗ ತಾಯಿಯ ಮನೆತನದ ಹೆಸರು ಜಿರೋದಿಯಾಸ್ ಇಟ್ಟುಕೊಂಡ. ಮುಂದೆ 1955ರಲ್ಲಿ ನಬೊಕೊವ್ ಅವರ ‘ಲೋಲಿಟಾ’ವನ್ನು ಮೊದಲು ಪ್ರಕಟಿಸಿದವನು ಅವನೇ.

ಕತೆ ಇಷ್ಟೇ ಆಗಿದ್ದರೆ ನಾನು ಇಷ್ಟು ಹಚ್ಚಿಕೊಳ್ಳುತ್ತಿರಲಿಲ್ಲ. ಕಹಾನ್ ಹೊಟ್ಟೆಪಾಡಿಗೆ ಕಳಪೆ ಪುಸ್ತಕಗಳನ್ನೂ ಬೇಕಾದಷ್ಟು ಹಾಕಿದರು. ಸೆಸಿಲ್ ಬಾರ್ ಎಂಬ ಸುಳ್ಳು ಹೆಸರಿನಲ್ಲಿ ತಾವೇ ಬರೆದರು. ಆ ದುಡ್ಡಿನಿಂದಲೇ ಒಳ್ಳೆಯ ಪುಸ್ತಕಗಳು ಅಚ್ಚಾದದ್ದು. ಪಿಯರ್ಸನ್ ಏನು ಮಾಡಿದ್ದಾರೆಂದರೆ, ಮಿಲ್ಲರ್‌ಗೆ ಕೊಟ್ಟಷ್ಟೇ ಮರ್ಯಾದೆಯನ್ನು ಈ ಕಳಪೆ ಪುಸ್ತಕಗಳಿಗೂ, ಅವನ್ನು ಬರೆದು ಮರೆತುಹೋದವರಿಗೂ ಕೊಟ್ಟಿದ್ದಾರೆ. ಯಾರೂ ಕೇಳದ ಲೇಖಕನ ಹುಟ್ಟು ಸಾವು ಹುಡುಕಿದ್ದಾರೆ. ರಕ್ಷಾಪುಟ ಹೇಗಿತ್ತು, ಯಾವ ಬಣ್ಣ, ಮರುಮುದ್ರಣದಲ್ಲಿ ಏನು ಬದಲಾಯಿತು, ಎಲ್ಲ ಬರೆದಿದ್ದಾರೆ. ಇದು ನಟನ ಬುದ್ಧಿ ಅನಿಸಿತು ನನಗೆ. ನಾಟಕದ ಪಾತ್ರವರ್ಗದ ಪಟ್ಟಿಯಲ್ಲಿ ರಾಜನ ಹೆಸರಿನ ಕೆಳಗೆ ‘ಮೊದಲನೇ ಸೇವಕ, ಎರಡನೇ ಸೇವಕ’ ಅಂತ ಇರುತ್ತದಲ್ಲ. ಆ ಎರಡನೇ ಸೇವಕನಿಗೂ ಉಡುಪು ಹೊಲಿಸಬೇಕು, ಅವನೂ ಸರಿಯಾದ ಹೊತ್ತಿಗೆ ಬಾಗಿಲು ತೆರೆಯಬೇಕು ಎಂಬುದು ರಂಗದ ಮೇಲೆ ನಿಂತವರಿಗೇ ಗೊತ್ತಿರುವುದು.

ಇನ್ನೊಂದು ಮಾತು ನನ್ನ ಕಸುಬಿಗೆ ಸಂಬಂಧಿಸಿದ್ದು, ಹೇಳದೆ ಮುಂದೆ ಹೋಗಲಾರೆ. ಆ ಕಾಲದ ಫ್ರಾನ್ಸಿನಲ್ಲಿ ಪುಸ್ತಕಗಳು ಹೆಚ್ಚಾಗಿ ಬರೀ ಕಾಗದದ ಹೊದಿಕೆಯಲ್ಲಿ ಬರುತ್ತಿದ್ದವು. ಕೊಂಡವರು ತಮ್ಮ ತಮ್ಮ ಬೈಂಡರಿನ ಹತ್ತಿರ ಒಯ್ದು ಚರ್ಮದ ರಟ್ಟು ಕಟ್ಟಿಸಿಕೊಳ್ಳುತ್ತಿದ್ದರು, ಹಾಗೆ ಕಟ್ಟಿಸುವಾಗ ಕಾಗದದ ಹೊದಿಕೆ ಎಷ್ಟೋ ಸಲ ಬುಟ್ಟಿಗೆ ಹೋಗುತ್ತಿತ್ತು. ಇವತ್ತು ಮಿಲ್ಲರ್ ಅವರ ಆ ಮೊದಲ ಮುದ್ರಣದ ಬೆಲೆ ಇರುವುದು ಆ ತೆಳ್ಳನೆಯ ಏಡಿಯ ಹೊದಿಕೆಯಲ್ಲೇ. ‘ಬ್ರಿಟನ್ನಿಗೂ ಅಮೆರಿಕಕ್ಕೂ ಒಯ್ಯತಕ್ಕದ್ದಲ್ಲ’ ಎಂಬ ಎಚ್ಚರಿಕೆ ಅಚ್ಚಾಗಿದ್ದದ್ದೂ ಆ ಹೊದಿಕೆಯ ಮೇಲೆ. ಚಂದದ ಚರ್ಮದಲ್ಲಿ, ಬಂಗಾರದ ಅಕ್ಷರದಲ್ಲಿ ಕಟ್ಟಿಸಿದ ಪ್ರತಿಗಿಂತ ಮೂಲೆ ಹರಿದ ಕಾಗದದ ಪ್ರತಿಗೆ ಬೆಲೆ ಹೆಚ್ಚು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾಲೇಜು ಲೈಬ್ರರಿಗಳಿಂದ ಮೂಟೆಗಟ್ಟಲೆ ಬರುತ್ತಿದ್ದ ಕನ್ನಡ ಪುಸ್ತಕಗಳ ಮುಖಪುಟಗಳನ್ನು ನಾನೇ ಕಿತ್ತು, ಬೆನ್ನು ಕೆರೆದು, ಅಂಚು ಕತ್ತರಿಸಿ, ಕೆಂಪು ಕ್ಯಾಲಿಕೋ ಬಟ್ಟೆ ಅಂಟಿಸಿ ಕಳಿಸಿದ್ದೇನೆ. ಮೈದಾ ಅಂಟಿಗೆ ಮೈಲುತುತ್ತ ಬೆರೆಸಿ ಹುಳ ಬಾರದ ಹಾಗೆ ನೋಡಿಕೊಂಡೆ. ಪುಸ್ತಕ ಉಳಿಯಿತು. ಆದರೆ ಆ ಮುಖಪುಟಗಳ ಚಿತ್ರಗಳಲ್ಲಿ ಒಂದೂ ನನ್ನ ಹತ್ತಿರ ಇಲ್ಲ.

ಇಷ್ಟೆಲ್ಲ ತಲೆಯಲ್ಲಿ ತುಂಬಿಕೊಂಡು ಹೋದದ್ದರಿಂದಲೇ ಲಂಡನ್ನಿನ ಹಳೇ ಪುಸ್ತಕದ ಅಂಗಡಿಗಳ ಓಣಿ ಸೆಸಿಲ್ ಕೋರ್ಟ್ ನನಗೆ ಅಷ್ಟು ಹಿಡಿಸಿತೋ ಏನೋ. ಈಗ ಓಣಿಯ ವಿಷಯ ಹೇಳುತ್ತೇನೆ, ಹೋಗುವವರಿಗೆ ಉಪಯೋಗವಾಗಲಿ.

ಲೆಸ್ಟರ್ ಸ್ಕ್ವೇರ್ ಸ್ಟೇಷನ್ನಿನಿಂದ ಮೇಲೆ ಬಂದು ಚೇರಿಂಗ್ ಕ್ರಾಸ್ ರಸ್ತೆಯಲ್ಲಿ ದಕ್ಷಿಣಕ್ಕೆ ಎರಡು ನಿಮಿಷ ನಡೆದರೆ ಎಡಗಡೆ ಸಿಗುತ್ತದೆ, ಆ ಕಡೆ ಸೇಂಟ್ ಮಾರ್ಟಿನ್ಸ್ ಲೇನ್‌ಗೆ ಹೊರಡುತ್ತದೆ. ವಾಹನ ಬರುವುದಿಲ್ಲ. ಎರಡೂ ಬದಿ ಹಸಿರು ಬಣ್ಣದ ಮರದ ಮುಂಭಾಗದ ಅಂಗಡಿಗಳು, ತೂಗುವ ಹಲಗೆಗಳು. ಇವತ್ತಿನ ಕಟ್ಟಡಗಳು 1894ರ ಸುಮಾರಿನವು. ಕಿಟ್ಟೆಲ್ ನಿಘಂಟು ನಮ್ಮ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಹೊರಬಂದದ್ದೂ ಅದೇ 1894ರಲ್ಲಿ. ಆ ನಿಘಂಟಿನ ಒಂದು ಪ್ರತಿಯ ಬೆನ್ನು ರಿಪೇರಿ ಮಾಡಿದ್ದೆ, ಎರಡು ಕೈ ಬೇಕು ಎತ್ತಲು. ಅದರ ವಯಸ್ಸಿನ ಅಂಗಡಿಗಳಲ್ಲಿ ಇನ್ನೂ ಪುಸ್ತಕವೇ ಮಾರುತ್ತಿದ್ದಾರೆ ಎಂದು ನೋಡಿದಾಗ ಒಂದು ಕ್ಷಣ ಅಲ್ಲೇ ನಿಂತುಬಿಟ್ಟೆ.

ಮೊದಲಿಂದಲೂ ಪುಸ್ತಕವೇ ಇತ್ತು ಅಂದುಕೊಳ್ಳಬೇಡಿ. 1897ರ ಸುಮಾರಿನಿಂದ ಮೊದಲ ಮಹಾಯುದ್ಧದ ಹತ್ತಿರದವರೆಗೆ ಇದು ಬ್ರಿಟಿಷ್ ಸಿನಿಮಾದ ಓಣಿ. ಹೆಪ್‌ವರ್ತ್, ಗೋಮಾಂಟ್ ಮೊದಲಾದ ಕಂಪನಿಗಳು ಇಲ್ಲಿಂದ ಕ್ಯಾಮೆರಾ, ಪ್ರೊಜೆಕ್ಟರ್, ಸಿನಿಮಾದ ರೀಲು ಮಾರುತ್ತಿದ್ದವು. ಮಿಣಮಿಣ ಮಿನುಗುವ ಚಿತ್ರ ನೋಡಿ ಜನ ಇದನ್ನು ‘ಫ್ಲಿಕರ್ ಆಲಿ’ ಎಂದೇ ಕರೆದರು. ಆಗಿನ ರೀಲು ನೈಟ್ರೇಟಿನದು, ಕಿಡಿ ತಗುಲಿದರೆ ಧಗ್ಗನೆ ಹತ್ತಿಕೊಳ್ಳುವಂಥದ್ದು. ಇಷ್ಟು ಇಕ್ಕಟ್ಟಿನಲ್ಲಿ ಹೇಗೆ ಇಟ್ಟುಕೊಂಡರೋ. ಆಮೇಲೆ ಸಿನಿಮಾದವರು ವಾರ್ಡೋರ್ ಸ್ಟ್ರೀಟಿಗೆ ಹೋದರು, ಓಣಿ ಪುಸ್ತಕದವರ ಕೈಗೆ ಉಳಿಯಿತು. ಸಿನಿಮಾದಿಂದ ಪುಸ್ತಕಕ್ಕೆ ಬಂದದ್ದು ಒಬ್ಬ ನಟ ಮಾತ್ರವಲ್ಲ, ಇಡೀ ಬೀದಿಯೇ. ಇನ್ನೂ ಹಿಂದೆ, 1764ರಲ್ಲಿ, ಎಂಟು ವರ್ಷದ ಮೊಜಾರ್ಟ್ ಅಪ್ಪ ಅಮ್ಮ ಅಕ್ಕನ ಜೊತೆ ಲಂಡನ್ನಿಗೆ ಬಂದಾಗ ಇಲ್ಲೇ ಒಬ್ಬ ಕ್ಷೌರಿಕನ ಮನೆಯಲ್ಲಿ ಇಳಿದುಕೊಂಡಿದ್ದ. ಅದಕ್ಕೊಂದು ಫಲಕ ಇದೆ, ನೋಡಬಹುದು.

ಈ ಓಣಿಗೂ ತನ್ನದೇ ಆದ ನಟ ವ್ಯಾಪಾರಿ ಒಬ್ಬರಿದ್ದರು, ಡೇವಿಡ್ ಡ್ರಮಂಡ್. ನಟರಾಗಿದ್ದವರು, ಆಮೇಲೆ 11ನೇ ನಂಬರಿನಲ್ಲಿ ದಶಕಗಟ್ಟಲೆ ಅಂಗಡಿ ನಡೆಸಿದರು. ರಂಗಭೂಮಿ, ಸರ್ಕಸ್ಸು, ಜಾದೂ, ಮಕ್ಕಳ ಪುಸ್ತಕ, ನಾಟಕದ ಕರಪತ್ರ, ಹಳೆಯ ಪೋಸ್ಟ್‌ಕಾರ್ಡು, ಆಟ ಮುಗಿದ ಮಾರನೇ ದಿನ ಗುಡಿಸಿ ಎಸೆಯುವ ಕಾಗದಗಳೇ ಅವರ ಸರಕು. ಅಂಗಡಿ ಈಗಿಲ್ಲ. ನಾನು ನೋಡಲಾಗಲಿಲ್ಲವೆಂಬ ಬೇಸರ ನನಗೆ ನಿಜವಾಗಿ ಇದೆ.

ಈಗ ಇರುವವುಗಳಲ್ಲಿ ಒಂದೊಂದಕ್ಕೆ ಒಂದೊಂದು ಹಟ. ವಾಟ್ಕಿನ್ಸ್‌ನಲ್ಲಿ ಅಧ್ಯಾತ್ಮ, ಯೋಗ, ಜ್ಯೋತಿಷ. ನೂರು ವರ್ಷಕ್ಕೂ ಹಳೆಯ ಅಂಗಡಿ, ಉಪನಿಷತ್ತಿನ ಅನುವಾದಗಳೂ ಸಿಗುತ್ತವೆ. ಮಾರ್ಚ್‌ಪೇನ್ ಮಕ್ಕಳ ಪುಸ್ತಕಕ್ಕೆ, ಟ್ರಾವಿಸ್ ಅಂಡ್ ಎಮರಿ ಸಂಗೀತಕ್ಕೆ, ಗೋಲ್ಡ್ಸ್‌ಬರೊ ಲೇಖಕರ ಸಹಿ ಇರುವ ಮೊದಲ ಮುದ್ರಣಕ್ಕೆ. ನಕ್ಷೆ ಬೇಕಾದವರಿಗೆ ನಕ್ಷೆಯ ಅಂಗಡಿಯೂ ಇದೆ. ಗಾಜಿನ ಕಪಾಟಿನಲ್ಲಿರುವುದಕ್ಕೆ ಸಾವಿರಾರು ಪೌಂಡ್ ಇರಬಹುದು, ಆದರೆ ಎಷ್ಟೋ ಅಂಗಡಿಗಳ ಹೊರಗೆ ಪೆಟ್ಟಿಗೆಯಲ್ಲಿ ಕೆಲವೇ ಪೌಂಡಿನ ಪುಸ್ತಕಗಳೂ ಇರುತ್ತವೆ. ಬೆಲೆ ಕೇಳಲು ಹೆದರಬೇಕಿಲ್ಲ, ಪೆನ್ಸಿಲಿನಲ್ಲಿ ಮೊದಲ ಖಾಲಿ ಹಾಳೆಯ ಮೂಲೆಯಲ್ಲಿ ಬರೆದಿರುತ್ತಾರೆ. ಪೆನ್ನು ಯಾರೂ ಮುಟ್ಟುವುದಿಲ್ಲ.

ಕೆಲವು ಕೊರತೆ ಹೇಳಲೇಬೇಕು. ಅಂಗಡಿಗಳು ತೀರಾ ಚಿಕ್ಕವು, ಇಬ್ಬರು ಒಳಗಿದ್ದರೆ ಮೂರನೆಯವರು ಬಾಗಿಲಲ್ಲಿ ನಿಲ್ಲಬೇಕು. ಕೆಳಗಿನ ಮಾಳಿಗೆಗೆ ಇಳಿಯುವ ಮೆಟ್ಟಿಲು ಕಡಿದು, ಮೊಣಕಾಲು ನೋವಿನವರು ಎಚ್ಚರ. ಬೆಳಗ್ಗೆ ಬೇಗ ಹೋದರೆ ಬಾಗಿಲು ಹಾಕಿರುತ್ತದೆ, ನಾನು ಹತ್ತಕ್ಕೇ ಹೋಗಿ ಚಳಿಯಲ್ಲಿ ಕಾದೆ. ಶೌಚಾಲಯಕ್ಕೆ ಹತ್ತಿರದ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಗೆ ಹೋಗಿ, ಪ್ರವೇಶ ಉಚಿತ. ಇವೆಲ್ಲ ಲೆಕ್ಕ ಹಾಕಿಯೂ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅಷ್ಟು ಕೊಡಲು ಕಾರಣ ಆಮೇಲೆ ನಡೆದದ್ದು.

ಒಂದು ಅಂಗಡಿಯ ಒಳಗಿನ ಕಪಾಟಿನಲ್ಲಿ ನಾಟಕದ ಪುಸ್ತಕಗಳು ಬೆನ್ನಿಲ್ಲದೆ ಒತ್ತೊತ್ತಾಗಿ ನಿಂತಿದ್ದವು. ಒಂದನ್ನು ಎಳೆದೆ. ಸ್ಯಾಮ್ಯುಯೆಲ್ ಫ್ರೆಂಚ್ ಸಂಸ್ಥೆಯ ಅಭಿನಯದ ಪ್ರತಿ, ನಟರು ತಾಲೀಮಿಗೆ ಇಟ್ಟುಕೊಳ್ಳುವಂಥದ್ದು, ಯಾವುದೋ ಮೂರಂಕದ ಹಾಸ್ಯನಾಟಕ. ಕಾಗದದ ಹೊದಿಕೆ ಉದ್ದಕ್ಕೆ ಮಡಚಿ ಮಡಚಿ ಗೆರೆ ಬಿದ್ದಿತ್ತು. ಕೋಟಿನ ಜೇಬಿನಲ್ಲಿಟ್ಟು ಓಡಾಡಿದ ಮಡಿಕೆ ಅದು, ಚೀಲದ್ದಲ್ಲ. ನಡುಮಡಿಕೆಯ ಎರಡು ಪಿನ್ನು ತುಕ್ಕು ಹಿಡಿದು ಸುತ್ತಲಿನ ಕಾಗದವನ್ನು ಕಂದು ಮಾಡಿದ್ದವು. ಒಳಗೆ ಮನೆಯ ಬಟ್ಲರ್ ಪಾತ್ರದ ಮಾತುಗಳ ಅಡಿಗೆ ಮಾತ್ರ ಗೆರೆ. ನಾನು ಎಣಿಸಿದೆ, ಹದಿನಾಲ್ಕು ಮಾತು. ಅಂಚಿನಲ್ಲಿ ಮೊಂಡು ಪೆನ್ಸಿಲಿನ ಟಿಪ್ಪಣಿಗಳು. ‘ಟ್ರೇ ಎಡಗೈಯಲ್ಲಿ.’ ‘ಬಾಗಿಲು ಸದ್ದಾಗದಂತೆ.’ ಒಂದು ಕಡೆ, ‘ನಗು ಇಳಿಯಲಿ, ಆಮೇಲೆ.’ ಅದರ ಕೆಳಗೆ ಅದೇ ಕೈಯಲ್ಲಿ, ಇನ್ನೊಂದು ದಿನ ಬರೆದದ್ದಿರಬೇಕು, ಸೀಸ ಬೇರೆ: ‘ಶನಿವಾರ ನಗಲಿಲ್ಲ.’

ಮುಂದೆ ಒಯ್ದು ಕೊಟ್ಟೆ. ಅಂಗಡಿಯವರು ವಯಸ್ಸಾದವರು, ಕನ್ನಡಕ ಹಣೆಗೇರಿಸಿಕೊಂಡು ಬಿಲ್ಲು ಬರೆಯುವ ಮೊದಲು ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ‘ಒಂದು ವಿಷಯ ನೀವು ನೋಡಿರಲಿಕ್ಕಿಲ್ಲ’ ಎಂದು ಮೂರನೇ ಅಂಕದ ಒಂದು ಹಾಳೆ ತೆಗೆದು ತೋರಿಸಿದರು. ಅದು ಮೂಲದ್ದಲ್ಲ, ಬೇರೆ ಪ್ರತಿಯಿಂದ ಜೆರಾಕ್ಸ್ ಮಾಡಿ ಸೇರಿಸಿದ್ದು. ಬಣ್ಣ ಎಷ್ಟು ಚೆನ್ನಾಗಿ ಹೊಂದಿಸಿದ್ದರೆಂದರೆ ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಹೀಗೆ ಒಂದು ಹಾಳೆ ಹೋದರೆ ಮಡಿಕೆಯ ಆಚೆ ಬದಿಯ ಅದರ ಜೋಡಿ ಹಾಳೆಯೂ ಸಡಿಲವಾಗುತ್ತದೆ. ಅದಕ್ಕೆ ತೆಳ್ಳನೆಯ ಜಪಾನೀ ಕಾಗದದ ಪಟ್ಟಿ ಅಂಟಿಸಿ ನಿಲ್ಲಿಸಿದ್ದೇನೆ ಅಂದರು. ‘ನಾನು ಬೈಂಡರು’ ಅಂದೆ. ಅವರು ಕುರ್ಚಿ ಎಳೆದು ಕೊಟ್ಟರು. ಅಂಟು ಯಾವುದು ಎಂದು ಕೇಳಿದೆ, ಗೋಧಿ ಪಿಷ್ಟದ್ದು ಅಂದರು, ಬೇಕೆಂದಾಗ ನೀರು ತಾಗಿಸಿ ಬಿಡಿಸಬಹುದು. ಮೈಲುತುತ್ತದ ವಿಷಯ ನಾನು ಹೇಳಿದೆ. ಅದು ಹುಳ ತಡೆಯುತ್ತದೆ ನಿಜ, ಕಾಗದಕ್ಕೆ ಒಳ್ಳೆಯದಲ್ಲ ಎಂದು ಅವರು ಮೆಲ್ಲಗೆ ಹೇಳಿದರು. ಅರ್ಧ ಗಂಟೆ ಹೋಯಿತು. ಹನ್ನೆರಡು ಪೌಂಡಿನ ಗಿರಾಕಿಗೆ ಅರ್ಧ ಗಂಟೆ. ಹಾಳೆ ಪೂರ್ತಿ ಇದ್ದಿದ್ದರೆ ಬೆಲೆ ಮೂವತ್ತಾಗುತ್ತಿತ್ತಂತೆ.

ಹೋಗುವವರು ಇದನ್ನೇ ನೋಡಬೇಕೆಂದು ನನ್ನ ಕೋರಿಕೆ. ಪುಸ್ತಕ ಎಷ್ಟು ಚೆನ್ನಾಗಿದೆ ಎಂದು ಹೇಳುವವರು ಎಲ್ಲ ಕಡೆ ಸಿಗುತ್ತಾರೆ. ಕೊಡುವ ಮೊದಲು ಅದರ ಗಾಯ ತಾವಾಗಿ ತೋರಿಸುವವರ ಹತ್ತಿರ ಕೊಳ್ಳಿ. ಇಲ್ಲಿನ ಕ್ಯಾಟಲಾಗುಗಳನ್ನು ಓದುವುದು ನನಗೆ ಈಗ ಕತೆ ಓದಿದಷ್ಟೇ ಇಷ್ಟ. ‘ಬೆನ್ನು ಬಿಸಿಲಿಗೆ ಮಾಸಿದೆ, ಅಂಚಿನಲ್ಲಿ ಕಂದು ಚುಕ್ಕೆ, ಒಳಪುಟದಲ್ಲಿ ಹಿಂದಿನ ಒಡೆಯರ ಹೆಸರು, ರಕ್ಷಾಪುಟದ ಮೇಲೆ ಸಣ್ಣ ಹರಕು.’ ಒಂದು ಸಾಲಿನಲ್ಲಿ ಪುಸ್ತಕದ ಆಯುಷ್ಯ ಇರುತ್ತದೆ. ನನಗೆ ‘ಹೊಸದರ ಹಾಗಿದೆ’ ಎಂದು ಮಾರಿದವರು ಇಂಥ ಒಂದು ಸಾಲು ಬರೆದಿದ್ದರೆ ನಾನು ಅದೇ ಬೆಲೆ ಕೊಟ್ಟು ಕೊಳ್ಳುತ್ತಿದ್ದೆ.

ಮನೆಗೆ ಬಂದು ತುಕ್ಕಿನ ಪಿನ್ನು ತೆಗೆದು, ಅದೇ ತೂತುಗಳಲ್ಲಿ ನಾರಿನ ದಾರ ಹಾಕಿ ಹೊಲಿಯಲೇ ಎಂದು ಎರಡು ದಿನ ಯೋಚಿಸಿದೆ. ಕೈ ತುರಿಸುತ್ತಿತ್ತು. ಕೊನೆಗೆ ಪಿನ್ನು ತೆಗೆದೆ, ಅವು ಕಾಗದವನ್ನು ತಿನ್ನುತ್ತಿದ್ದವು. ಹೊಲಿದೆ. ಹೊದಿಕೆಯ ಮಡಿಕೆಗಳನ್ನು ಇಸ್ತ್ರಿ ಮಾಡಲಿಲ್ಲ, ಹಾಗೇ ಬಿಟ್ಟೆ. ರಟ್ಟು ಕಟ್ಟಲಿಲ್ಲ. ಆಮ್ಲ ಇಲ್ಲದ ಕಾಗದದಲ್ಲಿ ನಾಲ್ಕು ಮಡಿಕೆಯ ಒಂದು ಲಕೋಟೆ ಮಾಡಿ, ಅಂಟಿಲ್ಲದೆ, ಅದರೊಳಗೆ ಇಟ್ಟಿದ್ದೇನೆ.

ಮಗಳು ಒಂದು ರಾತ್ರಿ ಬಟ್ಲರ್‌ನ ಮಾತುಗಳನ್ನೆಲ್ಲ ಜೋರಾಗಿ ಓದಿದಳು, ಟ್ರೇ ಎಡಗೈಯಲ್ಲಿ ಹಿಡಿದು. ಅವನು ಕೊನೆಯ ಸಲ ರಂಗಕ್ಕೆ ಬರುವುದು ಆ ಜೆರಾಕ್ಸ್ ಹಾಳೆಯಲ್ಲಿ. ಒಂದೇ ಮಾತು, ‘ಕಾರು ಬಂದಿದೆ, ಸರ್.’ ಅದರ ಪಕ್ಕದಲ್ಲಿ ಏನು ಗುರುತು ಹಾಕಿಕೊಂಡಿದ್ದನೋ, ಹೋದ ಹಾಳೆಯ ಜೊತೆ ಹೋಯಿತು.